ದಾರಂದದ ಎರಡು ಸಾಲು ಗೆರೆಗಳು

ಉಚ್ಚಿಲದಿಂದ ಬಣ್ಣ ಹೊಡೆಯಲು ಬಂದಿದ್ದ ಬಾಬಣ್ಣ ನಮ್ಮ ನಡುಮನೆಯ ದಾರಂದದ ಎದುರು ಕುಕ್ಕರಗಾಲಲ್ಲಿ ಕುಳಿತು, ಬಾಗಿಲ ಚೌಕಟ್ಟಿನ ಹಲಸಿನ ಮರದ ಮೇಲೆ ಹೆಬ್ಬೆರಳು ಆಡಿಸಿ ಕೇಳಿದ: "ಇದೆಂತ ಮಾರಾಯ, ಇಡೀ ಗೀರಿ ಹಾಕಿದ್ದೀರಿ? ಲೇಪ ತುಂಬಿಸಿ ಬಣ್ಣ ಹೊಡೆದುಬಿಡಲಾ?"

"ಅದು ನನ್ನ ಎತ್ತರ. ಪ್ರತಿ ಬಿಸು ಹಬ್ಬಕ್ಕೆ ಅಮ್ಮ ನನ್ನನ್ನು ನಿಲ್ಲಿಸಿ ಕತ್ತಿಯ ತುದಿಯಿಂದ ಗೆರೆ ಎಳೆಯುತ್ತಿದ್ದಳು," ಎಂದೆ.

"ಎರಡು ಸಾಲು ಉಂಟಲ್ಲ. ಈ ಬಲಗಡೆಯದ್ದು ಅಣ್ಣನದ್ದಾ? ನಿಮಗಿಂತ ನಾಲ್ಕು ಬೆರಳು ಮೇಲೆಯೇ ಉಂಟು. ಅವರು ಎಲ್ಲಿ, ದುಬಾಯಿಯಲ್ಲಾ?"

"ಅದಕ್ಕಿಂತ ಸ್ವಲ್ಪ ದೂರ," ಎಂದೆ.

ಬಾಬಣ್ಣನಿಗೆ ದುಬಾಯಿಗಿಂತ ದೂರದ ಊರು ಯಾವುದೆಂದು ಹೊಳೆಯಲಿಲ್ಲ. "ಹಾಗಾದ್ರೆ ಯಾವ ಸಾಲು ಅಳಿಸುವುದು, ಯಾವುದು ಇಡುವುದು ಹೇಳಿ. ಮದುವೆಮನೆ. ಗೀರು ಗೀರು ಕಂಡರೆ ಹುಡುಗಿಯ ಕಡೆಯವರು ನನ್ನ ಕೆಲಸಕ್ಕೆ ಹೇಳ್ತಾರೆ, ನಿಮಗಲ್ಲ."

ಮದುವೆ ನನ್ನದೇ. ಆದರೂ ಉತ್ತರ ಹೇಳುವ ಧೈರ್ಯ ನನಗಿರಲಿಲ್ಲ. ಅಮ್ಮ ಮದುವೆಯೂಟದ ಗುಳ್ಳಬದನೆಗೆ ಮುಂಚಿತವಾಗಿ ಹೇಳಿಬರಲು ಮಟ್ಟುವಿಗೆ ಹೋಗಿದ್ದಳು. "ಅಮ್ಮ ಬರಲಿ, ಅವಳೇ ಹೇಳುತ್ತಾಳೆ," ಎಂದೆ. ಅಮ್ಮ ಬಂದು ಯಾವ ಸಾಲಿನ ಕಡೆಗೆ ಬೆರಳು ತೋರಿಸುತ್ತಾಳೆ? ಎಷ್ಟೋ ವರ್ಷಗಳಿಂದ ನಾನು ಹೆದರುತ್ತಿದ್ದ ಪ್ರಶ್ನೆ ಅದೊಂದೇ. ಅದನ್ನು ಉಚ್ಚಿಲದ ಬಾಬಣ್ಣ ಬೀಡಿ ಹಚ್ಚುತ್ತಾ ಕೇಳಿಬಿಟ್ಟಿದ್ದ.

ಬಲಗಡೆಯ ಸಾಲಿನ ವಿಷಯ ನಿಮಗೆ ಹೇಳಬೇಕು. ಅದು ದೊಡ್ಡವನದು. ನನಗಿಂತ ಮೊದಲು ಹುಟ್ಟಿದವ. ಒಂದು ಬಿಸುವಿಗೆ, ಅಂದರೆ ನಮ್ಮ ಹೊಸವರ್ಷಕ್ಕೆ, ಇದೇ ದಾರಂದ ಹಿಡಿದು ಎದ್ದು ನಿಂತನಂತೆ. ಅದೇ ಮಳೆಗಾಲದ ಆಟಿ ತಿಂಗಳಲ್ಲಿ ಜ್ವರ ಬಂದು ಹೋದನಂತೆ. ಬೇರೆ ಊರುಗಳಲ್ಲಿ ಹೋದ ಮಗು ಹೋದ ಹಾಗೆಯೇ ಇರುತ್ತದೆಯೋ ಏನೋ. ನಮ್ಮ ಕಡೆ ಹಾಗಲ್ಲ. ನಮ್ಮಲ್ಲಿ ಸತ್ತವರಿಗೆ ಕುಲೆ ಎನ್ನುತ್ತಾರೆ, ಕುಲೆಗಳಿಗೂ ಒಂದು ಲೋಕ ಉಂಟು, ಅಲ್ಲಿ ಮಕ್ಕಳು ಇಲ್ಲಿಯ ಲೆಕ್ಕದಲ್ಲೇ ಬೆಳೆಯುತ್ತವೆ. ಹಲ್ಲು ಬರುತ್ತದೆ, ಶಾಲೆಗೆ ಹೋಗುವ ಪ್ರಾಯವಾಗುತ್ತದೆ, ಮೀಸೆ ಚಿಗುರುತ್ತದೆ. ಹಾಗಾಗಿ ಅಮ್ಮ ಪ್ರತಿ ಬಿಸುವಿಗೂ ನನ್ನ ತಲೆಗೆ ಕತ್ತಿಯ ತುದಿ ತಾಗಿಸಿ ಗೆರೆ ಎಳೆದ ಮೇಲೆ, ಒಂದು ಹೆಜ್ಜೆ ಬಲಕ್ಕೆ ಸರಿದು, ಗಾಳಿಯಲ್ಲಿ ಅಂಗೈಯನ್ನು ಮೆಲ್ಲಗೆ ಕೆಳಗಿಳಿಸಿ, ಯಾವುದೋ ಒಂದು ಎತ್ತರದಲ್ಲಿ ನಿಲ್ಲಿಸಿ, ಅಲ್ಲೊಂದು ಗೆರೆ ಎಳೆಯುತ್ತಿದ್ದಳು. ಕೆಳಗಿನಿಂದ ಮೇಲಿನವರೆಗೆ ಒಂದೇ ಕೈ, ಒಂದೇ ಕತ್ತಿ. ಯಾವ ಗೆರೆಯೂ ಸುಳ್ಳಾಗಿ ಕಾಣುತ್ತಿರಲಿಲ್ಲ. ನಾನು ತಲೆ ಎತ್ತದೆ, ಪಕ್ಕಕ್ಕೆ ನೋಡದೆ ನಿಂತಿರುತ್ತಿದ್ದೆ. ಪಕ್ಕದಲ್ಲಿ ಯಾರೋ ಉಸಿರು ಬಿಗಿಹಿಡಿದು ನಿಂತಿದ್ದಾರೆ, ನನ್ನ ಹಾಗೆಯೇ ಹಿಮ್ಮಡಿ ದಾರಂದಕ್ಕೆ ತಾಗಿಸಿದ್ದಾರೆ ಅನ್ನಿಸುತ್ತಿತ್ತು.

ಮನೆಯಲ್ಲಿ ನನ್ನ ಹೆಸರು ಸಣ್ಣವ. ಶಾಲೆಯಲ್ಲಿ ಮಾಸ್ಟ್ರು, "ಮನೆಗೆ ನೀನೊಬ್ಬನೇ, ಸಣ್ಣವ ಅಂತ ಯಾಕೋ ಕರೆಯುವುದು?" ಎಂದು ನಗುತ್ತಿದ್ದರು. ಅವರದೇ ಮೂಗಿನ ಸ್ವರದಲ್ಲಿ, "ದೊಡ್ಡವ ರಜೆಯಲ್ಲಿದ್ದಾನೆ ಸರ್," ಎಂದು ಹೇಳಿ ಬೆಂಚಿನ ಮೇಲೆ ನಿಂತದ್ದು ಉಂಟು.

ಸ್ವರ ಅನುಕರಿಸುವ ಈ ರೋಗ ನನಗೆ ಯಾವಾಗ ಅಂಟಿತೋ ಗೊತ್ತಿಲ್ಲ. ಕಾಪುವಿನಿಂದ ಉಡುಪಿಗೆ ಹೋಗುವ ಬಸ್ಸಿನ ಕಂಡಕ್ಟರು "ಕಟಪಾಡಿ, ಕಟಪಾಡಿ, ಇಳಿಯುವವರು ಮುಂದೆ ಬನ್ನಿ" ಎನ್ನುವುದನ್ನು ಹಿಂದಿನ ಸೀಟಿನಲ್ಲಿ ಕುಳಿತು ಮೂರು ಫರ್ಲಾಂಗು ಮೊದಲೇ ಕೂಗಿ ಜನರನ್ನು ಎಬ್ಬಿಸಿದ್ದೇನೆ. ನಮ್ಮ ಮಾವ, ಅಂದರೆ ಅಮ್ಮನ ಅಣ್ಣ, ಮನೆಯ ಯಜಮಾನರು. ಅವರ ಕೆಮ್ಮನ್ನು ನಾನು ಅವರಿಗಿಂತ ಚೆನ್ನಾಗಿ ಕೆಮ್ಮುತ್ತಿದ್ದೆ. ಈಗ ಈ ಬರಹದಲ್ಲೂ ಒಂದು ಅನುಕರಣೆ ನಡೆದಿದೆ ನೋಡಿ: ನಮ್ಮ ಮನೆಮಾತು ತುಳು. ಅಮ್ಮ ಕನ್ನಡ ಮಾತಾಡುವುದು ಪೋಸ್ಟ್‌ಮ್ಯಾನಿನ ಜೊತೆ ಮಾತ್ರ. ಇಲ್ಲಿ ಅವಳ ಬಾಯಲ್ಲಿ ಬರುವ ಕನ್ನಡವೆಲ್ಲ ನಾನು ಮಾಡುತ್ತಿರುವ ಅಮ್ಮ.

ಆಟಿಯ ಅಮಾವಾಸ್ಯೆಗೆ ಕುಲೆಗಳಿಗೆ ಬಡಿಸುವುದು ನಮ್ಮಲ್ಲಿ ಕ್ರಮ. ಒಳಕೋಣೆಯಲ್ಲಿ ಬಾಳೆಲೆ ಹಾಕಿ, ಬಡಿಸಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಕಾಯಬೇಕು. ದೊಡ್ಡವನ ಎಲೆಗೆ ಅಮ್ಮ ಮೊದಮೊದಲು ಹಾಲು, ಅನ್ನ, ಕದಳಿ ಬಾಳೆಹಣ್ಣು ಇಡುತ್ತಿದ್ದಳಂತೆ. ನನಗೆ ನೆನಪಿರುವ ಹೊತ್ತಿಗೆ ಅವನು ಕೋಳಿಸಾರಿಗೆ ಬಂದಿದ್ದ. ಖಾರ ವರ್ಷ ವರ್ಷಕ್ಕೆ ಏರುತ್ತಿತ್ತು. ಒಂದು ವರ್ಷ ಬಾಗಿಲ ಹೊರಗೆ ಕಾಯುತ್ತಾ ಬೇಸರವಾಗಿ, ಯಾರೂ ಹತ್ತಿರವಿಲ್ಲದ್ದನ್ನು ನೋಡಿ, ಬಾಗಿಲ ಸಂದಿಗೆ ಬಾಯಿಟ್ಟು ಮಾವನ ಕೆಮ್ಮು ಕೆಮ್ಮಿದೆ.

ಒಳಗಿನಿಂದ ಅದೇ ಕೆಮ್ಮು ಬಂತು.

ನಾನು ಅಂಗಳ ದಾಟಿ ದನದ ಹಟ್ಟಿಯ ಹಿಂದೆ ಹೋಗಿ ಬಿದ್ದೆ. ಅವನೂ ಅನುಕರಿಸುತ್ತಾನೆ, ಅಲ್ಲಿ ಕುಳಿತು ನನ್ನನ್ನೇ ಕಲಿಯುತ್ತಿದ್ದಾನೆ ಎಂದು ಜ್ವರ ಬರುವವರೆಗೆ ಹೆದರಿದೆ. ಕೊನೆಗೆ ತಿಳಿದದ್ದೇನೆಂದರೆ ಒಳಗಿದ್ದವರು ಸಾಕ್ಷಾತ್ ಮಾವ. ಹುಡುಗನಿಗೆ ಮೀಸೆ ಬರುವ ಪ್ರಾಯ, ಒಂದು ಬೀಡಿಯಾದರೂ ಬೇಡವೇ ಎಂದು ಅಮ್ಮನಿಗೆ ತಿಳಿಯದಂತೆ ಎಲೆಯ ತುದಿಯಲ್ಲಿ ಇಡಲು ನುಗ್ಗಿದ್ದರು. ಹೊರಗೆ ತಮ್ಮದೇ ಕೆಮ್ಮು ಕೇಳಿ ಅವರಿಗೂ ಜೀವ ಹೋದಂತಾಗಿತ್ತಂತೆ. ಮನೆಯವರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಅವರೆಲ್ಲರ ನಗುವನ್ನು ಒಬ್ಬೊಬ್ಬರದಾಗಿ. ನನ್ನ ನಗು ಬರಲಿಲ್ಲ.

ಪಿ.ಯು.ಸಿ. ಮುಗಿಸಿ ಬಿ.ಎ.ಗೆ ಉಡುಪಿಗೆ ಹೋದೆ. ತತ್ವಶಾಸ್ತ್ರ ತೆಗೆದುಕೊಂಡೆ. ಆಸಕ್ತಿಯಿಂದಲ್ಲ, ಆ ತರಗತಿಯಲ್ಲಿ ಹಾಜರಿ ಕರೆಯುತ್ತಿರಲಿಲ್ಲ. ಮೊದಲ ದಿನವೇ ನಮ್ಮ ಲೆಕ್ಚರರು ಮೇಜನ್ನು ತಟ್ಟಿ, "ನೀವು ಯಾರೂ ನೋಡದೆ ಇರುವಾಗ ಈ ಮೇಜು ಉಂಟಾ?" ಎಂದು ಕೇಳಿದರು. ಎಲ್ಲರೂ ನಕ್ಕರು. ನನಗೆ ಬೆವರು ಬಂತು. ನೋಡದಿದ್ದರೆ ಮೇಜೇ ಇಲ್ಲದಿರಬಹುದಾದರೆ, ಯಾರೂ ನೋಡದ ದೊಡ್ಡವ ಮಾತ್ರ ಹೇಗೆ ಅಷ್ಟು ಗಟ್ಟಿಯಾಗಿ ಇದ್ದಾನೆ? ಅಮ್ಮ ನಮ್ಮಿಬ್ಬರಲ್ಲಿ ಯಾರನ್ನು ನೋಡುತ್ತಿದ್ದಾಳೆ? ಆ ವಾರ ಊರಿಗೆ ಹೋಗುವಾಗ ಬಸ್ಸಿನಲ್ಲಿ ಕಣ್ಣು ಮುಚ್ಚಿ ತೆರೆದು ಮುಚ್ಚಿ ತೆರೆದು ಲೋಕವನ್ನು ಪರೀಕ್ಷಿಸಿದೆ. ಲೋಕ ಇತ್ತು. ಆದರೆ ಇಳಿಯುವ ಸ್ಟಾಪು ದಾಟಿ ಹೋಗಿತ್ತು.

ಉಡುಪಿಯಲ್ಲಿ ನಾನು ಉಳಿದದ್ದು ದೇವಸ್ಥಾನದ ಹಿಂದಿನ ಓಣಿಯಲ್ಲಿ, ಒಬ್ಬರು ವಯಸ್ಸಾದ ಭಟ್ಟರ ಮನೆಯ ಹೊರಕೋಣೆಯಲ್ಲಿ. ಭಟ್ಟರು ಜಗತ್ತು ಸತ್ಯ ಎನ್ನುವ ಮತದವರು. ಅದು ಸಾಲದೆಂದು ಭೇದವೂ ಸತ್ಯ. ದೇವರು ಬೇರೆ, ಜೀವ ಬೇರೆ. ಒಂದು ಜೀವ ಬೇರೆ, ಇನ್ನೊಂದು ಜೀವ ಬೇರೆ. ಕಂಬ ಬೇರೆ, ಗೋಡೆ ಬೇರೆ. ಎಲ್ಲವೂ ಒಂದೇ, ಕಾಣುವುದೆಲ್ಲ ಮಾಯೆ ಎನ್ನುವವರ ಮೇಲೆ ಅವರಿಗೆ ಅಸಾಧ್ಯ ಸಿಟ್ಟು. ಜಗಲಿಯಲ್ಲಿ ಕುಳಿತು, ಎಲೆಯಡಿಕೆಯ ಕವಳ ತುಂಬಿದ ಬಾಯನ್ನು ಆಕಾಶಕ್ಕೆ ಎತ್ತಿ, "ಮಾಯೆಯಂತೆ! ಹಸಿವಾದಾಗ ಮಾಯೆಯ ಅನ್ನ ಉಣ್ಣಲಿ ಮಾರಾಯ, ನೋಡುವ!" ಎನ್ನುತ್ತಿದ್ದರು. ನಾನು ಅದನ್ನು ಅವರ ಹಿಂದೆಯೇ ನಿಂತು ಮಾಡಿ ತೋರಿಸುವಾಗ ಸಿಕ್ಕಿಬಿದ್ದೆ. ಅವರು ಬೈಯಲಿಲ್ಲ. "ನೀನು ನಾನಲ್ಲ ಅಂತ ಇದರಿಂದಲೇ ಸಿದ್ಧವಾಯಿತು ನೋಡು. ನಾನೇ ಆಗಿದ್ದರೆ ಅನುಕರಿಸುವ ಕಷ್ಟ ಎಂತಕ್ಕೆ?" ಎಂದರು.

ಆ ಮಾತು ನನಗೆ ಔಷಧದ ಹಾಗೆ ಹಿಡಿಯಿತು. ಒಂದು ಸಂಜೆ ಮೆಲ್ಲಗೆ ಕೇಳಿದೆ: "ಭಟ್ರೇ, ಒಂದು ಜೀವ ಸತ್ತುಹೋದರೂ ಇನ್ನೊಂದು ಜೀವಕ್ಕಿಂತ ಬೇರೆಯಾಗಿಯೇ ಇರುತ್ತದಾ? ಬಂದು ಸೇರಿಕೊಳ್ಳುವುದು ಅಂತ ಉಂಟಾ?"

"ಸೇರುವುದಾ? ಇಲ್ಲವೇ ಇಲ್ಲ. ಮೋಕ್ಷದಲ್ಲಿಯೂ ಬೇರೆ ಬೇರೆಯೇ. ಯಾರು ಸತ್ತದ್ದು?"

"ಯಾರೂ ಇಲ್ಲ, ಪರೀಕ್ಷೆಗೆ," ಎಂದೆ. ಅಂದು ಎಷ್ಟೋ ಸಮಯದ ನಂತರ ನೆಮ್ಮದಿಯಾಗಿ ನಿದ್ದೆ ಬಂತು.

ಆ ನೆಮ್ಮದಿಯನ್ನು ಹಾಳು ಮಾಡಿದವನು ದಿನೇಶ, ಮಾವನ ಮಗ. ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ದೇಶದೇಶದ ಹುಡುಗರ ಜೊತೆ ಹಾಸ್ಟೆಲಿನಲ್ಲಿದ್ದು, ಅವರ ಇಂಗ್ಲಿಷನ್ನೂ ಅವರ ಪುಸ್ತಕಗಳನ್ನೂ ಎರವಲು ತಂದು ನಮ್ಮ ಮೇಲೆ ಪ್ರಯೋಗ ಮಾಡುತ್ತಿದ್ದ. ಒಂದು ಆದಿತ್ಯವಾರ ಅಲ್ಲಿಯ ಹೋಟೆಲೊಂದರಲ್ಲಿ ಬನ್ಸು ತಿನ್ನುತ್ತಾ ಹೇಳಿದ: "ಒಂದೇ ಲೋಕ ಅಲ್ಲ ಮಾರಾಯ. ಹೀಗೂ ಆಗಬಹುದು ಹಾಗೂ ಆಗಬಹುದು ಅಂತ ಇರುವಲ್ಲೆಲ್ಲ ಲೋಕವೇ ಕವಲು ಒಡೆಯುತ್ತದಂತೆ. ದೊಡ್ಡ ದೊಡ್ಡ ವಿಜ್ಞಾನಿಗಳು ಹೇಳಿದ್ದಾರೆ. ಇವತ್ತು ನೀನು ಉಡುಪಿಯಲ್ಲಿ ಬಸ್ಸು ತಪ್ಪಿಸಿಕೊಂಡೆ ಅಲ್ವಾ? ಇನ್ನೊಂದು ಲೋಕದಲ್ಲಿ ಹತ್ತಿದ್ದೀ."

"ಅಲ್ಲಿಯೂ ಬನ್ಸಿನ ಬಿಲ್ಲು ನಾನೇ ಕೊಡುವುದಾ?"

"ತಮಾಷೆ ಅಲ್ಲ. ಅಲ್ಲಿಯದೂ ಇಷ್ಟೇ ಸತ್ಯ. ಈಗ ದೊಡ್ಡವನನ್ನೇ ತೆಗೆದುಕೋ. ಜ್ವರ ಬಂತು. ಇಳಿಯಲೂಬಹುದಿತ್ತು. ಇಳಿದ ಲೋಕ ಒಂದು ಉಂಟು. ಅಲ್ಲಿ ಅವನು ಬೆಳೆದಿದ್ದಾನೆ, ಮನೆಯಲ್ಲಿ ಓಡಾಡ್ತಾನೆ, ಅತ್ತೆ ಅವನಿಗೆ ಬೈತಾ ಇರಬಹುದು."

"ಅಲ್ಲಿ ನಾನು?"

ದಿನೇಶ ಬನ್ಸು ತಟ್ಟೆಗೆ ಇಟ್ಟ. ಅವನಿಗೂ ಗೊತ್ತಿತ್ತು. ದೊಡ್ಡವ ಹೋದ ಮೇಲೆ ಅಮ್ಮ ಊಟ ಬಿಟ್ಟು ಮಲಗಿದ್ದಳು. ಇನ್ನೊಂದು ಮಗುವಾದರೆ ಎದ್ದಾಳು ಎಂದು ಮಾವ ಹರಕೆ ಹೊತ್ತರು. ಬೊಂಬಾಯಿಯ ಹೋಟೆಲನ್ನೇ ಮನೆ ಮಾಡಿಕೊಂಡಿದ್ದ ಅಪ್ಪನನ್ನು ಕರೆಸಿದರು. ಹಾಗೆ ಬಂದವನು ನಾನು.

"ಅಲ್ಲಿ... ಅತ್ತೆಗೆ ಇನ್ನೊಬ್ಬ ಬೇಕು ಅಂತಲೇ ಆಗ್ತಿರಲಿಲ್ಲ ಅಲ್ವಾ?" ಎಂದ ದಿನೇಶ. ನಂತರ ನನ್ನ ಮುಖ ನೋಡಿ, "ಇದೆಲ್ಲ ಬರೇ ಲೆಕ್ಕದಲ್ಲಿ ಮಾರಾಯ," ಎಂದು ಬನ್ಸಿನ ಬಿಲ್ಲು ತಾನೇ ಕೊಟ್ಟ. ದಿನೇಶ ಬಿಲ್ಲು ಕೊಟ್ಟನೆಂದರೆ ವಿಷಯ ಗಂಭೀರವಾಗಿರಲೇಬೇಕು.

ಮನೆಗೆ ಬಂದು ಅಮ್ಮನ ಹತ್ತಿರ ಹೇಳಿದೆ. ಅವಳು ಅಂಗಳದ ಬದಿಯಲ್ಲಿ ಬಂಗುಡೆ ಕೊಯ್ಯುತ್ತಿದ್ದಳು. "ಇನ್ನೊಂದು ಲೋಕ ಉಂಟಂತೆ ಅಮ್ಮಾ, ಅಲ್ಲಿ ದೊಡ್ಡವ ಇದ್ದಾನಂತೆ."

"ಇದನ್ನು ತಿಳಿಯಲಿಕ್ಕೆ ಮಣಿಪಾಲದಲ್ಲಿ ಫೀಸು ಕಟ್ಟಿ ಓದಬೇಕಾ ಅವನು?"

"ಆ ಲೋಕದಲ್ಲಿ ನಾನು ಇಲ್ಲವಂತೆ."

ಮೀನಿನ ಹೊಟ್ಟೆಯ ಮೇಲೆ ಕತ್ತಿ ನಿಂತಿತು. ಮತ್ತೆ ನಡೆಯಿತು. ಅವಳು ಏನಾದರೂ ಹೇಳಬಹುದು, "ಮಂಡೆ ಸರಿ ಉಂಟಾ ನಿನಗೆ" ಎಂದು ಬೈದರೂ ಸಾಕು ಎಂದು ಕಾದೆ. ಅವಳು ಕಾಗೆ ಓಡಿಸಿದಳು ಅಷ್ಟೇ. ಅಮ್ಮನಿಗೆ ಎರಡು ಲೋಕಗಳಲ್ಲಿ ಒಂದನ್ನು ಆರಿಸಿಕೋ ಎಂದರೆ? ಆ ಪ್ರಶ್ನೆ ಅಲ್ಲಿಂದ ನನ್ನ ಬೆನ್ನಿಗೆ ಅಂಟಿತು. ಬಿ.ಎ. ಮುಗಿಯಿತು, ಉಡುಪಿಯ ಬಟ್ಟೆಯಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವ ಕೆಲಸ ಸಿಕ್ಕಿತು. ತತ್ವಶಾಸ್ತ್ರ ಓದಿದವನಿಗೆ ತಕ್ಕ ಕೆಲಸವೇ: ಎಷ್ಟು ಬಿಡಿಸಿದರೂ ಗಿರಾಕಿಗಳು ಬೇರೆ ತೋರಿಸಿ ಎನ್ನುತ್ತಿದ್ದರು. ಬೆನ್ನಿನದು ಬೆನ್ನಲ್ಲೇ ಇತ್ತು.

ನನಗೆ ಹುಡುಗಿ ನೋಡಲು ಶುರುಮಾಡಿದಾಗ ಅದು ಎದುರಿಗೆ ಬಂತು. ಬಂದ ಸಂಬಂಧಗಳೆಲ್ಲ ಕೊನೆಯ ಮಾತಿನಲ್ಲಿ ಮುರಿದು ಬೀಳುತ್ತಿದ್ದವು. ನನ್ನ ನಾಲಿಗೆಯೇ ಕಾರಣವಿರಬೇಕೆಂದು ನಾನು ತಿಳಿದಿದ್ದೆ; ಒಂದು ಕಡೆ ಹುಡುಗಿಯ ತಾತನ ನಡಿಗೆಯನ್ನು ತಾತನೆದುರೇ ನಡೆದಿದ್ದೆ. ಮಾವ ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿದರು. ಜೋಯಿಸರು ಕವಡೆ ಸರಿಸಿ ಹೇಳಿದರು: "ಮೇಲಿನವ ಒಬ್ಬ ಇದ್ದಾನಲ್ಲ? ಅವನಿಗೆ ಆಗದೆ ಇವನಿಗೆ ಹೇಗೆ ಆಗುತ್ತದೆ?"

ನಮ್ಮ ಕಡೆ ಇದಕ್ಕೂ ಕ್ರಮ ಉಂಟು. ಪ್ರಾಯಕ್ಕೆ ಬಂದ ಕುಲೆಗೆ ಇನ್ನೊಂದು ಮನೆಯ ಕುಲೆಯನ್ನು ತಂದು ಮದುವೆ ಮಾಡಿಸಬೇಕು. ಸುಮ್ಮನೆ ಹೆಸರಿಗೆ ಅಲ್ಲ. ಮನೆತನ ನೋಡಬೇಕು, ಬಳಿ, ಅಂದರೆ ತಾಯಿಯ ಕಡೆಯ ಗೋತ್ರ, ಕೂಡಿಬರಬೇಕು, ಹೆಣ್ಣು ನೋಡಲು ಹೋಗಬೇಕು. ಕಾರ್ಕಳದಲ್ಲಿ ಒಂದು ಮನೆ ಸಿಕ್ಕಿತು. ಅವರ ಮಗಳು ಶಾಲೆಗೆ ಸೇರುವ ಮೊದಲೇ ಹೋದವಳು. ಅಮ್ಮ, ಮಾವ, ನಾನು ಹೊರಟೆವು. ಅಮ್ಮ ರೇಷ್ಮೆ ಸೀರೆ ಉಟ್ಟಿದ್ದಳು. ನನಗೆ ಹೆಣ್ಣು ನೋಡಲು ಹೋದಾಗ ನೂಲಿನದು ಸಾಕೆಂದಿದ್ದಳು.

ಕರಿಬಂಡೆಯ ಗುಡ್ಡದ ಬುಡದಲ್ಲಿ ಆ ಮನೆ. ಹುಡುಗಿಯ ತಾಯಿ ತೆಳ್ಳಗಿನ ಹೆಂಗಸು, ಮಾತು ಬಹಳ ಮೆತ್ತಗೆ. ಚಾವಡಿಯಲ್ಲಿ ನಾಲ್ಕು ಕುರ್ಚಿ ಹಾಕಿದ್ದರು. ನಾನು ಹತ್ತಿರದ್ದರಲ್ಲಿ ಕೂರಲು ಹೋದಾಗ ಅವರು, "ಅದು ಅಲ್ಲ, ಇದು ನಿಮ್ಮದು. ಅದು ಅವರಿಗೆ," ಎಂದರು. ನಾನು ಬೆಂಕಿ ಮುಟ್ಟಿದವನ ಹಾಗೆ ಎದ್ದೆ. ಖಾಲಿ ಕುರ್ಚಿಯ ಎದುರು ಕಾಫಿ ಇಟ್ಟರು. ಕಾಫಿಯಿಂದ ಹೊಗೆ ಏಳುತ್ತಿತ್ತು.

"ಹುಡುಗ ಎಂತ ಓದಿದ್ದಾನೆ?" ಹುಡುಗಿಯ ತಾಯಿ ಕೇಳಿದರು.

"ಬಿ.ಕಾಂ.," ಎಂದಳು ಅಮ್ಮ, ರೆಪ್ಪೆ ಅಲುಗಿಸದೆ. "ಬ್ಯಾಂಕಿನಲ್ಲಿ ಇದ್ದಾನೆ."

ನನ್ನ ಕಾಫಿ ನೆತ್ತಿಗೆ ಹತ್ತಿತು. ಅಲ್ಲಿಯವರೆಗೆ ದೊಡ್ಡವನ ಉದ್ಯೋಗ ನನಗೇ ಗೊತ್ತಿರಲಿಲ್ಲ. ಸೀರೆ ಬಿಡಿಸುವವನ ಅಣ್ಣ ಬ್ಯಾಂಕಿನಲ್ಲಿ!

"ಕುಡಿತ, ಬೀಡಿ?"

"ಇಲ್ಲವೇ ಇಲ್ಲ. ದೊಡ್ಡವರಿಗೆ ಎದುರು ಮಾತಾಡುವವನಲ್ಲ. ಯಾರನ್ನೂ ಅಣಕಿಸುವವನಲ್ಲ."

ಮಾವ ಬೀಡಿಯ ವಿಷಯ ಬಂದಾಗ ಕೆಮ್ಮಿ ಛಾವಣಿ ನೋಡಿದರು. ನನಗೆ ಕೊನೆಯ ಮಾತು ತಾಗಿತು. ಅಮ್ಮ ಬೇಕೆಂದು ಹೇಳಿದ್ದಲ್ಲ, ಅದೇ ಕಷ್ಟ. ಅವಳ ಕಣ್ಣೆದುರು ಅವನು ನಿಜವಾಗಿಯೂ ಹಾಗೆ ಬೆಳೆದಿದ್ದ.

"ನಮ್ಮವಳದ್ದು ಸ್ವಲ್ಪ ಹಟ ಉಂಟು," ಎಂದರು ಹುಡುಗಿಯ ತಾಯಿ. "ಆದರೆ ಮನಸ್ಸು ಒಳ್ಳೆಯದು. ಗುಡುಗು ಮಾತ್ರ ಆಗುವುದಿಲ್ಲ ಅವಳಿಗೆ. ಗುಡುಗುವಾಗ ಯಾರಾದರೂ ಹತ್ತಿರ ಕೂತಿರಬೇಕು. ಅಲ್ಲಿ ಯಾರಿದ್ದಾರೆ? ಮಳೆ ಶುರುವಾದರೆ ನನಗೆ ಅದೇ ಯೋಚನೆ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಡಿಸಿ ಮಾಡಿದರು. "ಹುಡುಗನದ್ದು ಸ್ವರ ಹೇಗೆ? ಗಟ್ಟಿಯಾ? ಗಟ್ಟಿ ಸ್ವರಕ್ಕೂ ಹೆದರುತ್ತಾಳೆ."

ಅಮ್ಮ ಮೊದಲ ಸಲ ತಡವರಿಸಿದಳು. ಅವನ ಎತ್ತರ ಗೊತ್ತಿತ್ತು, ಖಾರ ಎಷ್ಟು ಬೇಕೆಂದು ಗೊತ್ತಿತ್ತು. ಸ್ವರ ಕೇಳಿರಲಿಲ್ಲ. ಮಾತು ಬರುವ ಮೊದಲೇ ಹೋದ ಮಗು.

ಆಗ ಹುಡುಗಿಯ ತಾಯಿ ನನ್ನ ಕಡೆ ತಿರುಗಿದರು. "ನೀವು ಎಲ್ಲರ ಸ್ವರ ಮಾಡ್ತೀರಂತೆ. ಅಣ್ಣನದ್ದು ಒಮ್ಮೆ ಮಾಡಿ ತೋರಿಸಿ. ಅಷ್ಟು ಸಾಕು ನನಗೆ."

ಅವರು ತಮಾಷೆ ಮಾಡುತ್ತಿರಲಿಲ್ಲ. ಮಾವನೂ ನಗಲಿಲ್ಲ. ಅಮ್ಮ ನನ್ನ ಬಾಯನ್ನೇ ನೋಡುತ್ತಿದ್ದಳು, ಬಾಗಿಲು ತೆರೆಯುವುದನ್ನು ಕಾಯುವವರ ಹಾಗೆ. ಕಂಡಕ್ಟರು ಗಂಟಲಿಗೆ ಬಂದ, ಅವನಲ್ಲ. ಲೆಕ್ಚರರು ಬಂದರು, ಅಲ್ಲ. ಭಟ್ಟರು, ಮಾವ, ದಿನೇಶ, ಶಾಲೆಯ ಮಾಸ್ಟ್ರು, ಒಬ್ಬೊಬ್ಬರೇ ಬಂದು ತಿರುಗಿ ಹೋದರು. ನನ್ನ ಅಂಗಡಿಯ ಸರಕೆಲ್ಲ ಮುಗಿಯಿತು. ಒಳಗೆ ಏನೂ ಉಳಿಯದ ಒಂದು ಜಾಗಕ್ಕೆ ಬಂದು ನಿಂತೆ. ಅಷ್ಟು ಒಳಗೆ ನಾನು ಹಿಂದೆ ಹೋದದ್ದೇ ಇಲ್ಲ. ಅಲ್ಲಿಂದ ಬಾಯಿ ತಾನಾಗಿ ತೆರೆಯಿತು:

"ಹೆದರಬೇಡ. ನಾನು ಇಲ್ಲಿಯೇ ಇದ್ದೇನೆ."

ಮೆತ್ತಗಿನ, ಸ್ವಲ್ಪ ನಡುಗುವ ಸ್ವರ. ಯಾರದೂ ಅಲ್ಲ. ಹುಡುಗಿಯ ತಾಯಿ ಸೆರಗಿನಲ್ಲಿ ಕಣ್ಣೊತ್ತಿಕೊಂಡು, "ಸಾಕು. ಈ ಸ್ವರ ಆದೀತು ಅವಳಿಗೆ," ಎಂದರು. ಆಗಲೇ ನನಗೆ ಗೊತ್ತಾದದ್ದು, ಅದು ನನ್ನದೇ ಸ್ವರ. ಅಣಕ ಬೆರೆಯದ, ಬರೀ ನನ್ನದು. ಅದನ್ನು ಹೇಳೋಣವೆಂದು ಅಮ್ಮನ ಕಡೆ ತಿರುಗಿದೆ.

ಅಮ್ಮ ಖಾಲಿ ಕುರ್ಚಿಯನ್ನು ನೋಡುತ್ತಿದ್ದಳು. "ಇದೇ," ಎಂದಳು ಮೆಲ್ಲಗೆ. "ಇದು ಅವನದೇ."

ಇಪ್ಪತ್ತು ವರ್ಷಕ್ಕೂ ಮಿಕ್ಕಿ ಒಂದೇ ಮನೆಯಲ್ಲಿ ಬೆಳೆದ ಮಗನ ಸ್ವರವನ್ನು ಅಮ್ಮ ಗುರುತಿಸಲಿಲ್ಲ. ತಪ್ಪು ಅವಳದಲ್ಲ, ಕಂಡಕ್ಟರನನ್ನೂ ಭಟ್ಟರನ್ನೂ ಬಿಟ್ಟು ಅವಳಿಗೆ ನಾನು ಏನು ಕೇಳಿಸಿದ್ದೆ? ನನ್ನದೆಂದು ಇದ್ದ ಒಂದೇ ವಸ್ತುವನ್ನು ಕಾರ್ಕಳದ ಚಾವಡಿಯಲ್ಲಿ ದೊಡ್ಡವನಿಗೆ ಕೊಟ್ಟು ಬಂದೆ. ಬಸ್ಸಿನಲ್ಲಿ ಮರಳುವಾಗ ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ ಯಾರು ಮಾತಾಡುತ್ತಾರೋ ಎಂಬ ಹೆದರಿಕೆ.

ಆಟಿಯಲ್ಲಿ ಒಂದು ಬೆಳಿಗ್ಗೆ ನಮ್ಮ ಮನೆಯಲ್ಲೇ ಅವರ ಮದುವೆಯಾಯಿತು. ಎರಡು ಕುರ್ಚಿ, ಒಂದರ ಮೇಲೆ ಪಂಚೆ ಶಲ್ಯ, ಇನ್ನೊಂದರ ಮೇಲೆ ಸೀರೆ ರವಕೆ ಕರಿಮಣಿ. ಮದುವೆಯಾಗದವರು ಅದನ್ನು ನೋಡಬಾರದು. ನನ್ನನ್ನು ಹೊರಗೆ ಕಳಿಸಿದರು. ಹಟ್ಟಿಯ ಮಾಡಿನ ಕೆಳಗೆ ಮನೆಗೆ ಬೆನ್ನು ಹಾಕಿ ಕುಳಿತೆ. ಒಳಗೆ ಹೆಂಗಸರು ಗುನುಗುತ್ತಿದ್ದರು, ಯಾರೋ ಮದುಮಗಳಿಗೆ ನಾಚಿಕೆ ಎಂದು ಕೀಟಲೆ ಮಾಡಿದರು, ಯಾರೋ ನಕ್ಕರು. ಆಮೇಲೆ ಕಡಲ ಕಡೆಯಿಂದ ಒಂದು ದೊಡ್ಡ ಗುಡುಗು ಬಂತು. ಒಳಗೆಲ್ಲ ಸದ್ದಡಗಿತು. ಕಾರ್ಕಳದ ತಾಯಿಯ ಮೆತ್ತಗಿನ ದನಿ, "ಅಯ್ಯೋ, ಇವತ್ತೇ ಗುಡುಗಬೇಕಾ," ಎಂದಿತು. ನನ್ನ ಗಂಟಲಲ್ಲಿ ಆ ಸ್ವರ ಎದ್ದು ಬಂತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಹೇಳುವುದು ಅವನ ಕೆಲಸ, ನನ್ನದಲ್ಲ. ಒಳಗೆ ಯಾರಿಗಾದರೂ ಕೇಳಿಸಿತೋ, ಏನು ಕೇಳಿಸಿತೋ, ಇವತ್ತಿಗೂ ನಾನು ವಿಚಾರಿಸಿಲ್ಲ.

ನಂತರ ನನ್ನ ಸಂಬಂಧ ಬೇಗ ಕೂಡಿಬಂತು. ನಾನು ಮಾತ್ರ ಮನೆಯಲ್ಲಿ ಸಾದಾ ಮಾತು ಆಡುವುದನ್ನೇ ಬಿಟ್ಟೆ. ಊಟ ಬೇಕಾದರೆ ಭಟ್ಟರಾಗಿ ಕೇಳುವುದು, ಹೊರಡುವಾಗ ಕಂಡಕ್ಟರಾಗಿ ಹೇಳುವುದು. ಹುಡುಗನದ್ದು ಎಂಥ ಉಲ್ಲಾಸ ಎಂದರು ನೆರೆಯವರು. ಸ್ವಂತ ಸ್ವರದಲ್ಲಿ ಅಮ್ಮಾ ಎಂದರೆ ಅವಳು ನನ್ನ ಭುಜದಾಚೆ ನೋಡಿಯಾಳು ಎಂದು ನನಗೆ ಹೆದರಿಕೆ. ಮದುವೆಯಾಗಿ ಬರುವವಳ ಹತ್ತಿರ ಯಾರಾಗಿ ಮಾತಾಡುವುದು ಎಂದು ಇನ್ನೊಂದು.

ಬಾಬಣ್ಣ ಬೀಡಿ ಮುಗಿಸುವ ಹೊತ್ತಿಗೆ ಅಮ್ಮ ಬಂದಳು. ಮಾದರಿಗೆಂದು ತಂದ ಗುಳ್ಳದ ಚೀಲ ಇಳಿಸಿ, ಕಾಲು ತೊಳೆದು, ದಾರಂದದ ಎದುರು ನಿಂತಳು. ಬಾಬಣ್ಣ ಮತ್ತೆ ಕೇಳಿದ: "ಅಮ್ಮಾ, ಯಾವ ಸಾಲು ಅಳಿಸುವುದು?"

ನಾನು ಗೋಡೆಗೆ ಒರಗಿದೆ.

"ಬಲಗಡೆಯದ್ದು ಅಳಿಸಿ," ಎಂದಳು ಅಮ್ಮ. "ಅವನಿಗೆ ಸಂಸಾರ ಆಯಿತಲ್ಲ. ಇನ್ನು ಅಳತೆ ಬೇಕಾದರೆ ಅವಳು ತೆಗೆಯಲಿ."

ಸಂತೋಷವಾಗಬೇಕಿತ್ತು, ಆಗಲಿಲ್ಲ. ಬಾಬಣ್ಣ ಸ್ಟೂಲು ಹತ್ತಿ ಮೇಲಿನಿಂದ ಲೇಪ ತುಂಬಿಸಿ ಬಣ್ಣ ಎಳೆಯುತ್ತಾ ಬಂದ. ಬ್ಯಾಂಕಿನವ ಹೋದ. ಮೀಸೆ ಬಂದವ ಹೋದ. ಕೋಳಿಸಾರಿನವ, ಶಾಲೆಗೆ ಹೋಗುವವ. ಪ್ರತಿ ಎಳೆತಕ್ಕೂ ನನ್ನ ಕತ್ತಿನ ಮೇಲೆ ಬ್ರಷ್ಷು ಆಡಿದ ಹಾಗೆ ತಣ್ಣಗಾಗುತ್ತಿತ್ತು. ಅಮ್ಮ ಕದಲದೆ ನೋಡುತ್ತಿದ್ದಳು. ಬಾಬಣ್ಣ ಸ್ಟೂಲಿನಿಂದ ಇಳಿದ, ಬಗ್ಗಿದ, ಕುಕ್ಕರಗಾಲಲ್ಲಿ ಕುಳಿತ. ಎಲ್ಲಕ್ಕಿಂತ ಕೆಳಗಿನ, ಮೊಣಕಾಲಿಗಿಂತ ಸ್ವಲ್ಪ ಮೇಲಿದ್ದ ಗೆರೆಗೆ ಲೇಪ ಹಚ್ಚಲು ಹೋದಾಗ ಅಮ್ಮ ಬಗ್ಗಿ ಅವನ ಮಣಿಕಟ್ಟು ಹಿಡಿದಳು.

"ಅದು ಇರಲಿ," ಎಂದಳು. "ಅದು ಅವನು ನಿಂತಾಗ ತೆಗೆದದ್ದು."

ಬಾಬಣ್ಣನಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಯಾವುದು ನಿಂತ ಮಗುವಿನ ಗೆರೆ, ಯಾವುದು ಗಾಳಿಗೆ ಕೈ ಇಟ್ಟು ಎಳೆದದ್ದು ಎಂದು ಇಷ್ಟು ವರ್ಷ ಅವಳಿಗೆ ಗೊತ್ತಿತ್ತು, ಪ್ರತಿಯೊಂದೂ.

"ನೀನು ಎಂತ ನೋಡುವುದು? ಬಾ, ನಿಲ್ಲು ಇಲ್ಲಿ," ಎಂದು ಒಳಗಿನಿಂದ ಕತ್ತಿ ತಂದಳು. ನಾನು ಹೋಗಿ ಎಡಗಡೆಯ ಸಾಲಿಗೆ ಬೆನ್ನು ಕೊಟ್ಟೆ. ಭುಜದ ಹತ್ತಿರ ಹೊಸ ಬಣ್ಣದ ವಾಸನೆ. ಯೋಚಿಸುವ ಮೊದಲೇ ಬಾಯಿಗೆ ಬಂದುಬಿಟ್ಟಿತು: "ಅಮ್ಮಾ, ಬಣ್ಣ ಹಸಿ ಉಂಟು."

ಅದೇ ಸ್ವರ. ಕಾರ್ಕಳದ್ದು. ಮೆತ್ತಗಿನದು, ಸ್ವಲ್ಪ ನಡುಗುವುದು.

ಅಮ್ಮನ ಕೈ ನನ್ನ ತಲೆಯ ಹತ್ತಿರ ನಿಂತಿತು. ಬಂಗುಡೆಯ ಮೇಲೆ ನಿಂತ ಹಾಗೆಯೇ. ನಾನು ಅವಳ ಕಣ್ಣು ನೋಡಲಿಲ್ಲ. ಅದು ಬಲಗಡೆಯ ಸಾಲಿಗೆ ಹೋದರೆ ನಾನು ನೋಡಬಾರದು ಎಂದು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೆ.

"ಹಸಿ ಇದ್ದರೆ ಈಚೆ ಸರಿ. ಬಾಯಿ ಮುಚ್ಚಿ ನಿಲ್ಲು, ಮಾತಾಡಿದರೆ ತಲೆ ಅಲುಗುತ್ತದೆ ನಿನ್ನದು," ಎಂದಳು. ಎದ್ದುನಿಂತ ನನ್ನ ಕೂದಲನ್ನು ಅಂಗೈಯಿಂದ ಒತ್ತಿ ಕೂರಿಸಿದಳು, ಕೈ ಎಟುಕದೆ ತುದಿಗಾಲಲ್ಲಿ ನಿಂತಿರಬೇಕು, ಅವಳ ಉಸಿರು ನನ್ನ ಗಲ್ಲಕ್ಕೆ ತಾಗಿತು. ನೆತ್ತಿಗೆ ಕತ್ತಿಯ ತಣ್ಣನೆಯ ತುದಿ ಬಂತು. ಕಣ್ಣು ಮುಚ್ಚಿಯೇ ಇದ್ದೆ. ಮೇಲೆ ಹಲಸಿನ ಮರವನ್ನು ಕತ್ತಿ ಕರಕರನೆ ಕೊಯ್ಯುವುದು ಕೇಳಿಸಿತು.